ಟವೆಲ್ಲಿನಡಿ

ಲೀಡ್ಸಿನಿಂದ ಗ್ಯಾರೆತ್ ಫೋನು ಮಾಡಿದಾಗ
ನಾನು ಹಲ್ ನಗರದ ಲಾಂಡ್ರಿಯಲ್ಲಿ
ಬಿಳಿ ಕೋಟನ್ನು ಕೊನೆಯ ಸಲ ಒಗೆಯುತ್ತಿದ್ದೆ.
ಮೀನಿನ ಕಾರ್ಖಾನೆಯ ಲ್ಯಾಬಿಗೆ ಬೀಗ ಬಿದ್ದು
ಹನ್ನೊಂದು ದಿನ.
ಬೆಳವಣಕಿ ಅನ್ನಲು ಎರಡು ಸಲ ಎಡವಿ
ಮೂರನೆಯ ಸಲ ನಕ್ಕು,
"ಬೆಲ್ ಅಂತ ಕರೀಲಾ?" ಅಂದ.
ಕರಿ ಅಂದೆ.
ಸಂತೆಗೆ ಹೊರಟ ದನಕ್ಕೆ ಗಂಟೆ ಕಟ್ಟುವುದು
ನಮ್ಮ ಮನೆಗೆ ಹೊಸದಲ್ಲ.

ನಮ್ಮ ಮುತ್ಯಾ ದಲ್ಲಾಳಿ. ರೋಣದ ದನದ ಪೇಟೆಯಲ್ಲಿ
ಹೆಗಲ ಮೇಲಿನ ಟವೆಲ್ಲೇ ಅವನ ಅಂಗಡಿ.
ಕೊಳ್ಳುವವನ ಕೈ, ತನ್ನ ಕೈ, ಮೇಲೆ ಟವೆಲ್ಲು;
ಒಳಗೆ ಬೆರಳು ಹಿಡಿದು, ಬೆರಳು ಬಿಟ್ಟು
ಮಾತಿಲ್ಲದೆ ಕುದುರುವ ಎತ್ತಿನ ಬೆಲೆ.
ಆಮೇಲೆ ಮಾರುವವನ ಕೈ. ಅದೇ ಟವೆಲ್ಲು,
ಬೆರಳ ಲೆಕ್ಕ ಮಾತ್ರ ಬೇರೆ.
ನಡುವೆ ಉದುರಿದ್ದರಲ್ಲಿ ನಾವು ಉಂಡೆವು,
ನಾನು ಬಿ.ಎಸ್ಸಿ. ಓದಿದೆ.
ಹೀಗಾಗಿ ದಲ್ಲಾಳಿಗಳನ್ನು ಬೈಯಲು ನನಗೆ ಬಾಯಿಲ್ಲ.

"ಎಷ್ಟು ನಿರೀಕ್ಷೆ ಬೆಲ್?"
ಮೂವತ್ತನಾಲ್ಕು ಸಾವಿರ ಪೌಂಡು.
ಉಸಿರೆಳೆದುಕೊಂಡ. ಗ್ಯಾರೇಜಿನವರು
ಬಾನೆಟ್ ಎತ್ತಿ ಎಳೆದುಕೊಳ್ಳುತ್ತಾರಲ್ಲ, ಹಾಗೆ.
"ಮೂವತ್ತೊಂದು ಅಂತ ಹಾಕೋಣ.
ಮೊದಲು ಬಾಗಿಲು ತೆರೆಯಲಿ."
ಹಾಕಿದ. ಲಿಸ್ಟೀರಿಯಾ ಅಂದರೇನು ಅಂತಲೂ ಕೇಳಿದ.
ಫ್ರಿಜ್ಜಿನ ತಣ್ಣಗಿನಲ್ಲೂ ಸದ್ದಿಲ್ಲದೆ
ಬೆಳೆಯುವ ಜೀವಿ, ಅಂದೆ.
"ವಾಹ್, ಇದನ್ನೇ ಸಂದರ್ಶನದಲ್ಲಿ ಹೇಳು!"
ಮುತ್ಯಾ ಹೀಗಿರಲಿಲ್ಲ.
ಬಾಯಿ ಬಿಡಿಸಿ ಹಲ್ಲು ಎಣಿಸದೆ,
ಬೆನ್ನು ಸವರಿ ಸುಳಿ ನೋಡದೆ
ಯಾವ ಎತ್ತಿನ ಪರವಾಗಿಯೂ ಬೆರಳು ಚಾಚಿದವನಲ್ಲ.
ಹಲ್ ಎಂಬ ಊರಲ್ಲಿ
ಹಲ್ಲು ಎಣಿಸುವವರೇ ಇಲ್ಲ.

ಮ್ಯಾಂಚೆಸ್ಟರಿನ ಫಿಲಿಪ್ಪಾ ಬಂದದ್ದು ಆಮೇಲೆ.
"ಒಂದು ಪ್ರತಿಷ್ಠಿತ ಡೇರಿ, ಹೆಸರು ಹೇಳುವಂತಿಲ್ಲ,
ನಿನ್ನ ವಿವರ ಕಳಿಸಲಾ?"
ಕಳಿಸು ಅಂದೆ. ಮೂವತ್ತನಾಲ್ಕೇ ಬರೆದಳು, ಧೈರ್ಯವಂತೆ.
ಹೆಸರು ಹೇಳದ ಆ ಡೇರಿ
ಗ್ಯಾರೆತ್ ಆಗಲೇ ಬಾಗಿಲು ಬಡಿದಿದ್ದ ಬೆವರ್ಲಿಯ ಡೇರಿಯೇ
ಅಂತ ಗೊತ್ತಾಗುವಷ್ಟರಲ್ಲಿ
ಒಂದೇ ಎತ್ತು, ಎರಡು ಹಗ್ಗ, ಎರಡು ಬೆಲೆ.
ದಲ್ಲಾಳಿ ಯಾರಿಗೆ ಕೊಡಬೇಕೆಂಬ ಜಗಳಕ್ಕೆ ಹೆದರಿ
ಡೇರಿಯವರು ಎತ್ತನ್ನೇ ಬಿಟ್ಟು ನಡೆದರು.
ಫಿಲಿಪ್ಪಾ ಬೇಸರದ ಎರಡು ಸಾಲು ಬರೆದಳು.
ದಿನಕ್ಕೆ ಮೂರು ಸಲ ಕರೆಯುತ್ತಿದ್ದ ಗ್ಯಾರೆತ್
ಅದನ್ನೂ ಬರೆಯಲಿಲ್ಲ.

ಡಿಸೆಂಬರ್. ಹೆಸಲ್ ರಸ್ತೆಯ ಬಸ್‌ಸ್ಟಾಪು.
ಹಂಬರ್ ನದಿಯ ಮೇಲಿಂದ ಬರುವ ಗಾಳಿಗೆ
ಕಿವಿಯೇ ಉದುರಿಬಿಡುವಂಥ ಸಂಜೆ.
"ಬೆಲ್! ಹೇಗಿದ್ದೀ?" ನಿನ್ನೆ ಬಿಟ್ಟ ಮಾತು
ಇವತ್ತು ಎತ್ತಿಕೊಂಡವನ ಹಾಗೆ.
ಗೂಲ್ ಊರಲ್ಲಿ ಸೂಪಿನ ಕಾರ್ಖಾನೆ, ರಾತ್ರಿ ಪಾಳಿ,
ನನ್ನಂಥವಳನ್ನೇ ಹುಡುಕುತ್ತಿದ್ದಾರಂತೆ.
ಕೇಳಿಯೇಬಿಟ್ಟೆ: ಇದರಲ್ಲಿ ನಿನಗೆಷ್ಟು?

ಆ ಕಡೆ ಮಗುವೊಂದು ಚಮಚದಿಂದ ಏನನ್ನೋ ಬಡಿಯುತ್ತಿತ್ತು.
"ನೂರಕ್ಕೆ ಹದಿನೆಂಟು. ನಿನ್ನ ಜೇಬಿನಿಂದಲ್ಲ."
ಮತ್ತೆ ಚಮಚ.
"ಬಂದರೆ ಬಂತು. ಈ ತಿಂಗಳು ಒಂದೂ ಕುದುರಿಲ್ಲ ಬೆಲ್."

ಮುತ್ಯಾ ಮನೆಗೆ ಬಂದ ಕೂಡಲೆ
ಗೂಟದ ಮೇಲಿನ ಟವೆಲ್ಲು ಮುಟ್ಟಿ ನೋಡುತ್ತಿದ್ದಳು ನಮ್ಮ ಅಮ್ಮಾ.
ಅಂಗೈ ಬೆವರಿಗೆ ಒದ್ದೆಯಾಗಿದ್ದರೆ ಅಕ್ಕಿ ತೊಳೆಯಲು ಹೋಗುತ್ತಿದ್ದಳು.
ಒಣಗಿದ್ದರೆ, ಏನೂ ಕೇಳದೆ,
ಬೆಳಗಿನ ರೊಟ್ಟಿಯನ್ನೇ ಬಿಸಿ ಮಾಡುತ್ತಿದ್ದಳು.

ಗ್ಯಾರೆತ್, ಅಂದೆ, ಬೆಲ್ ಅಲ್ಲ. ಬೆ, ಳ, ವ, ಣ, ಕಿ.
ಹೇಳು ನೋಡೋಣ.
ಹೇಳಿದ. ಳ ಬಾಯಲ್ಲೇ ಮುರಿಯಿತು, ಣ ನುಂಗಿ ಹೋಯಿತು,
ಮತ್ತೆ ಮೊದಲಿಂದ ಹೊರಟ.
ಅಲ್ಲಿಯತನಕ ಕೋಟಿನ ಜೇಬಿನೊಳಗೆ
ಯಾರೂ ಹಿಡಿಯದ ನನ್ನ ಬೆರಳು
ಮೊದಲು ಮೂರು, ಆಮೇಲೆ ನಾಲ್ಕು
ಮಡಿಚಿ ಬಿಚ್ಚುತ್ತಿದ್ದವು.
ಬಸ್ಸು ಬಂತು. ಹತ್ತಲಿಲ್ಲ.